ಗಜನಿ ಬಲೆಯಲ್ಲಿ ಸಿಕ್ಕ ಹಕ್ಕಿಯ ಕಾಲುಂಗುರ

ಪ್ರಶ್ನೆ: ನಮ್ಮದು ಕುಮಟಾ ತಾಲ್ಲೂಕು, ಅಘನಾಶಿನಿ ಹೊಳೆಯ ದಂಡೆ. ಈ ಜನವರಿಯಲ್ಲಿ ನಮ್ಮ ಗಜನಿಯ (ಹೊಳೆಯಂಚಿನ ಉಪ್ಪುನೀರಿನ ಗದ್ದೆ) ನೀರಿನ ಬಾಗಿಲಿಗೆ ಕಟ್ಟಿದ ಬಲೆಯಲ್ಲಿ ಒಂದು ಸಣ್ಣ ಹಕ್ಕಿ ಸತ್ತು ಸಿಕ್ಕಿತು. ಗುಬ್ಬಿಯಷ್ಟೇ ಗಾತ್ರ, ಕಪ್ಪು ಕೊಕ್ಕು, ಕಪ್ಪು ಕಾಲು. ಕಾಲಲ್ಲಿ ಬೆಳ್ಳಿ ಬಣ್ಣದ ಪುಟ್ಟ ಬಳೆ, ಅದರ ಮೇಲೆ ಇಂಗ್ಲಿಷ್ ಅಕ್ಷರ, ನಂಬರು. ವಾರ ಬಿಟ್ಟು ಇಳಿತದ ಹೊತ್ತಿಗೆ ಹೋದಾಗ ಅದೇ ಥರದ ಹಿಂಡಿನಲ್ಲಿ ಕಾಲಿಗೆ ಬಣ್ಣದ ಪಟ್ಟಿ ಕಟ್ಟಿದ್ದ ಇನ್ನೊಂದು ಹಕ್ಕಿ ಕಂಡಿತು. ಅಪ್ಪ ‘ಬಿಸಾಕು, ಪೊಲೀಸರ ಉಸಾಬರಿ ಬೇಡ’ ಅನ್ನುತ್ತಾರೆ. ಕಾರವಾರದಲ್ಲಿ ಜಿಪಿಎಸ್ ಕಟ್ಟಿದ ಹಕ್ಕಿ ಸಿಕ್ಕ ಸುದ್ದಿ ಬಂದ ಮೇಲಂತೂ ಊರಲ್ಲಿ ಎಲ್ಲರೂ ಬೇಹುಗಾರಿಕೆ ಅನ್ನುವವರೇ. ಉಂಗುರ ಬಿಚ್ಚಿ ಇಟ್ಟುಕೊಂಡಿದ್ದೇನೆ, ಹಕ್ಕಿಯನ್ನು ತೆಂಗಿನ ಬುಡದಲ್ಲಿ ಹೂತೆ. ಎರಡರ ಫೋಟೊ ಕಳಿಸಿದ್ದೇನೆ. ಇದು ಯಾರ ಹಕ್ಕಿ? ಆ ಉಂಗುರದಿಂದಲೇ ಬಲೆಗೆ ಸಿಕ್ಕಿ ಸತ್ತಿತಾ? ಸ್ಯಾಟಲೈಟ್ ಇರುವ ಕಾಲದಲ್ಲಿ ಹಕ್ಕಿ ಹಿಡಿದು ಹೀಗೆ ಹಿಂಸೆ ಕೊಡಬೇಕಾ? ನಾಳೆ ಜೀವ ಇರುವ ಹಕ್ಕಿ ಸಿಕ್ಕಿದರೆ ಏನು ಮಾಡಲಿ?

ಉತ್ತರ: ಮೊದಲಿಗೆ, ಬಿಸಾಕದೆ ಇದ್ದದ್ದು ಒಳ್ಳೆಯದಾಯಿತು. ಅಪ್ಪನ ಹೆದರಿಕೆಯೂ ಸುಮ್ನೆ ಹುಟ್ಟಿದ್ದಲ್ಲ, ಅದಕ್ಕೆ ಒಂದು ಹಿನ್ನೆಲೆ ಇದೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಫೋಟೊದಲ್ಲಿರುವುದು ಕಿರು ಉಲ್ಲಂಕಿ, ಇಂಗ್ಲಿಷಿನವರ ಲಿಟಲ್ ಸ್ಟಿಂಟ್. ಅಳಿವೆಯ ಕೆಸರಿನ ಮೇಲೆ ಹೊಲಿಗೆ ಮಷೀನಿನ ಸೂಜಿ ಥರ ಕೊಕ್ಕು ಆಡಿಸುತ್ತಾ ಓಡುವ ಹಕ್ಕಿ, ನೀವು ದಿನಾ ನೋಡಿರುತ್ತೀರಿ. ತೂಕ 25 ಗ್ರಾಂ ಆಸುಪಾಸು. ಇದು ಯಾರ ಸಾಕು ಹಕ್ಕಿಯೂ ಅಲ್ಲ. ಮೊಟ್ಟೆ ಇಡುವುದು ಉತ್ತರ ಧ್ರುವದ ಹತ್ತಿರ, ರಷ್ಯಾದ ಉತ್ತರ ತುದಿಯ ಮರವಿಲ್ಲದ ಬಯಲುಗಳಲ್ಲಿ. ಅಲ್ಲಿ ಹಿಮ ಬೀಳುವ ಮೊದಲೇ ಹೊರಟು ಬಂದು, ನಮ್ಮ ಕರಾವಳಿಯಲ್ಲಿ ಚಳಿಗಾಲ ಕಳೆದು, ಬೇಸಿಗೆ ಕಾಲಿಡುತ್ತಿದ್ದ ಹಾಗೆ ವಾಪಸು ಹಾರುತ್ತದೆ. ಉಂಗುರದ ಮೇಲೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ ಎಂಬ ಬರಹ, ಅದರ ಪಕ್ಕ ಅಕ್ಷರ ಮತ್ತು ಸಂಖ್ಯೆ ಕಾಣುತ್ತವೆ. 1883ರಲ್ಲಿ ಶುರುವಾದ ಆ ಸಂಸ್ಥೆಯೇ ಬಿಎನ್‌ಎಚ್‌ಎಸ್. ಅಂದರೆ ಈ ಹಕ್ಕಿಗೆ ಉಂಗುರ ತೊಡಿಸಿದ್ದು ನಮ್ಮ ದೇಶದೊಳಗೇ. ಯಾವ ಊರಲ್ಲಿ, ಯಾವ ವರ್ಷ ಅನ್ನುವುದು ಆ ಸಂಖ್ಯೆಯನ್ನು ಅವರ ದಾಖಲೆಯಲ್ಲಿ ಹುಡುಕಿದರೆ ಸಿಗುತ್ತದೆ. ಅದು ನಮ್ಮ ಹಳ್ಳಿಯ ಹೆಂಗಸರ ಕಾಲುಂಗುರದ ಹಾಗಲ್ಲ, ಬಸ್ಸಿನ ನಂಬರ್ ಪ್ಲೇಟಿನ ಹಾಗೆ. ಒಂದು ಹಕ್ಕಿಗೆ ಕೊಟ್ಟ ಸಂಖ್ಯೆ ಇನ್ನೊಂದಕ್ಕೆ ಇರುವುದಿಲ್ಲ.

ಈಗ ಬೇಹುಗಾರಿಕೆಯ ಮಾತು. ನಿಮಗೆ ಸಿಕ್ಕ ಉಂಗುರದಲ್ಲಿ ಬ್ಯಾಟರಿ ಇಲ್ಲ, ಚಿಪ್ ಇಲ್ಲ, ಏನೂ ಇಲ್ಲ. ಅದೊಂದು ಬಗ್ಗಿಸಿದ ಲೋಹದ ತಗಡು. ಅದು ಯಾರಿಗೂ ಏನನ್ನೂ ಕಳಿಸಲಾರದು. ಇನ್ನೊಬ್ಬ ಮನುಷ್ಯ ಅದನ್ನು ಕಣ್ಣಾರೆ ಕಂಡು ಓದಿದರೆ ಮಾತ್ರ ಅದಕ್ಕೆ ಬಾಯಿ ಬರುತ್ತದೆ. 2025ರ ಡಿಸೆಂಬರಿನಲ್ಲಿ ಕಾರವಾರದಲ್ಲಿ ಸಿಕ್ಕ ಸೀಗಲ್‌ನದು ಬೇರೆ ವಿಷಯ. ಅದರ ಬೆನ್ನಿಗಿದ್ದದ್ದು ಜಿಪಿಎಸ್ ಯಂತ್ರ. ಅದರ ಮೇಲೆ ಚೀನಾದ ವಿಜ್ಞಾನ ಸಂಸ್ಥೆಯೊಂದರ ಹೆಸರು, ಸಂಪರ್ಕಿಸಲು ಇಮೇಲ್ ವಿಳಾಸ ಎರಡೂ ಇದ್ದವು. ಕದ್ದು ನೋಡಲು ಬಂದವನು ಜೇಬಿನಲ್ಲಿ ವಿಸಿಟಿಂಗ್ ಕಾರ್ಡ್ ಇಟ್ಟುಕೊಂಡು ಬರುತ್ತಾನಾ? ನೌಕಾನೆಲೆ ಪಕ್ಕದಲ್ಲೇ ಇರುವಾಗ ಪೊಲೀಸರು ಪರೀಕ್ಷೆ ಮಾಡುವುದು ಸರಿಯೇ, ಅದು ಅವರ ಕೆಲಸ. ಆದರೆ ಅನುಮಾನದ ಬೆಲೆ ಎಷ್ಟೋ ಸಲ ಹಕ್ಕಿಯ ತಲೆಗೇ ಬೀಳುತ್ತದೆ. 2023ರಲ್ಲಿ ಮುಂಬೈಯಲ್ಲಿ ಕಾಲಿಗೆ ಉಂಗುರವಿದ್ದ ಪಾರಿವಾಳವೊಂದನ್ನು ಹಿಡಿದು ಎಂಟು ತಿಂಗಳು ಆಸ್ಪತ್ರೆಯ ಪಂಜರದಲ್ಲಿ ಇಟ್ಟರು. ಕೊನೆಗೆ ನೋಡಿದರೆ ಅದು ತೈವಾನಿನ ರೇಸಿನ ಪಾರಿವಾಳ.

ಹಾಗಂತ ನಿಮ್ಮ ಅಪ್ಪನನ್ನು ನೋಡಿ ನಾನು ನಗುವುದಿಲ್ಲ. ಯಾಕೆಂದರೆ ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸ ಶುರುವಾದದ್ದೇ ನಿಮ್ಮ ಪಕ್ಕದ ಜಿಲ್ಲೆಯ ಒಂದು ರೋಗದಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲು ಸಾಲಾಗಿ ಸತ್ತವು, ಜನರೂ ಜ್ವರದಿಂದ ಸತ್ತರು. ಅದೇ ಮಂಗನ ಕಾಯಿಲೆ. ಪರೀಕ್ಷಿಸಿದಾಗ ಆ ವೈರಸ್ಸು ರಷ್ಯಾ ಕಡೆಯ ಒಂದು ಉಣ್ಣಿ ರೋಗದ ವೈರಸ್ಸಿಗೆ ಹತ್ತಿರದ್ದು ಅಂತ ಗೊತ್ತಾಯಿತು. ಹಾಗಾದರೆ ಸೈಬೀರಿಯಾದಿಂದ ಬರುವ ಹಕ್ಕಿಗಳ ಮೈಯ ಉಣ್ಣಿಯಲ್ಲಿ ಅದು ಬಂತಾ ಎಂಬ ಸಂಶಯ ಬಂತು. ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದೇ ಗೊತ್ತಿಲ್ಲದೆ ಇದಕ್ಕೆ ಉತ್ತರ ಹೇಗೆ ಕೊಡುವುದು? ವಿಶ್ವ ಆರೋಗ್ಯ ಸಂಸ್ಥೆ ದುಡ್ಡು ಕೊಟ್ಟಿತು, 1959ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಿಎನ್‌ಎಚ್‌ಎಸ್ ಕೆಲಸ ಹಿಡಿಯಿತು. ಕಾಯಿಲೆಯನ್ನು ಹಕ್ಕಿಗಳು ತಂದವು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಹಕ್ಕಿಗಳ ದಾರಿ ಮಾತ್ರ ಸಿಗುತ್ತಾ ಹೋಯಿತು. ಆಮೇಲೆ ಅಮೆರಿಕದ ಸೈನ್ಯದ ಒಂದು ವಿಭಾಗದಿಂದಲೂ ಈ ಕೆಲಸಕ್ಕೆ ಹಣ ಬಂದಿತ್ತು. 1970ರ ದಶಕದಲ್ಲಿ ಅದು ಬಯಲಿಗೆ ಬಂದು, ಪತ್ರಿಕೆಗಳಲ್ಲಿ ಗದ್ದಲವಾಗಿ, ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಪ್ರಶ್ನೆ ಎತ್ತಿತು. ನನ್ನ ಅಭಿಪ್ರಾಯ ಕೇಳಿದರೆ, ಆ ಪ್ರಶ್ನೆ ನ್ಯಾಯವಾದದ್ದೇ. ಹಣ ಎಲ್ಲಿಂದ ಬಂತು ಅನ್ನುವುದನ್ನು ಕೇಳಬೇಕು. ಆದರೆ ಉಂಗುರವೇ ಆಯುಧ ಅನ್ನುವ ಮಾತು ಅಲ್ಲಿಂದ ಉರುಳುತ್ತಾ ಉರುಳುತ್ತಾ ನಿಮ್ಮೂರ ಚಾದಂಗಡಿಗೆ ಬಂದು ನಿಂತಿದೆ.

ಇನ್ನು ಉಂಗುರದಿಂದಲೇ ಸತ್ತಿತಾ ಎಂಬ ಪ್ರಶ್ನೆ. ಇಲ್ಲ, ಬಲೆಯಿಂದ ಸತ್ತಿದೆ. ಸರಿಯಾಗಿ ತೊಡಿಸಿದ ಉಂಗುರದ ಎರಡು ತುದಿ ಉಗುರು ತೂರದಷ್ಟು ಕೂಡಿರುತ್ತವೆ. ನಿಮ್ಮ ಫೋಟೊದಲ್ಲಿ ತುದಿ ಅಗಲವಾಗಿರುವುದು ನೀವು ಬಿಚ್ಚಿದ್ದರಿಂದ ಇರಬೇಕು. ನೂಲು ಸಿಕ್ಕಿಕೊಳ್ಳಲು ಅಲ್ಲಿ ಸಂದು ಇರುವುದಿಲ್ಲ. ಉಂಗುರವಿಲ್ಲದ ಹಕ್ಕಿಗಳೂ ನಿಮ್ಮ ಬಲೆಗೆ ಬಿದ್ದಿರುತ್ತವೆ, ಅವು ನೆನಪಲ್ಲಿ ಉಳಿದಿರುವುದಿಲ್ಲ, ಅಷ್ಟೇ. ಒಂದು ಕೆಲಸ ಮಾಡಿ. ಮೀನು ಹಿಡಿಯದ ಹೊತ್ತಿನಲ್ಲಿ ಬಲೆಯನ್ನು ಬಾಗಿಲಿಗೆ ಹಾಗೇ ಬಿಟ್ಟು ಬರಬೇಡಿ, ಸುತ್ತಿ ಕಟ್ಟಿ. ಅರ್ಧ ಸಾವು ಅಲ್ಲೇ ತಪ್ಪುತ್ತದೆ.

ಹಿಂಸೆಯ ಪ್ರಶ್ನೆಗೆ ಮಾತ್ರ ಇಷ್ಟು ಸಲೀಸಾದ ಉತ್ತರ ಇಲ್ಲ. ಇದೇ ಉಂಗುರ ತೊಡಿಸುವ ಕೆಲಸದಲ್ಲಿ ನಾನು ಹಲವು ಚಳಿಗಾಲ ಕಳೆದದ್ದು ತಮಿಳುನಾಡಿನ ಕೋಡಿಕ್ಕರೈಯಲ್ಲಿ, ನಕ್ಷೆಯಲ್ಲಿ ಪಾಯಿಂಟ್ ಕ್ಯಾಲಿಮೇರ್ ಅಂತ ಇರುವ ಜಾಗ. ಒಂದು ಕಡೆ ಕಡಲು, ಇನ್ನೊಂದು ಕಡೆ ವೇದಾರಣ್ಯದ ಉಪ್ಪಿನ ಆಗರಗಳು, ನಡುವೆ ಮೈಲುಗಟ್ಟಲೆ ತೆಳುನೀರು. ನಿಮ್ಮ ಸಾಣಿಕಟ್ಟಾದ ಆಗರ ನೋಡಿದವರಿಗೆ ಆ ಜಾಗ ಅಪರಿಚಿತ ಅನಿಸುವುದಿಲ್ಲ. (1930ರಲ್ಲಿ ರಾಜಾಜಿ ಉಪ್ಪು ಎತ್ತಿದ್ದು ವೇದಾರಣ್ಯದಲ್ಲಿ, ಅದೇ ವರ್ಷ ನಮ್ಮವರು ಉಪ್ಪು ಮಾಡಿದ್ದು ಅಂಕೋಲೆಯಲ್ಲಿ. ಹಕ್ಕಿಗೂ ಸತ್ಯಾಗ್ರಹಕ್ಕೂ ಒಂದೇ ಥರದ ಜಾಗ ಇಷ್ಟವಾಗುತ್ತದೆ ಅಂತ ಕಾಣುತ್ತದೆ.)

ಅಲ್ಲಿ ಬಲೆ ಹಾಕುವುದು ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ. ಬೆಳದಿಂಗಳಿದ್ದರೆ ಹಕ್ಕಿಗೆ ಬಲೆ ಕಾಣುತ್ತದೆ. ಕೂದಲೆಳೆಯಂಥ ಕಪ್ಪು ನೈಲಾನ್ ಬಲೆ, 12 ಮೀಟರ್ ಉದ್ದ, ಆಳೆತ್ತರಕ್ಕಿಂತ ಜಾಸ್ತಿ. ಅಡ್ಡಡ್ಡ ದಾರಗಳ ನಡುವೆ ಬಲೆ ಸಡಿಲವಾಗಿ ಜೋಲುತ್ತದೆ. ಹಾರಿ ಬಂದ ಹಕ್ಕಿ ಬಡಿದು ಆ ಜೋಲಿಯೊಳಗೆ ಬೀಳುತ್ತದೆ. ಮೊಣಕಾಲುದ್ದ ನೀರಿನಲ್ಲಿ ತಲೆಗೆ ಟಾರ್ಚ್ ಕಟ್ಟಿಕೊಂಡು ಹೋಗಿ, ಹೊಕ್ಕ ಕಡೆಯಿಂದಲೇ ಬಿಡಿಸಬೇಕು. ಮೊದಲು ಕಾಲು, ಆಮೇಲೆ ರೆಕ್ಕೆ, ಕೊನೆಗೆ ತಲೆ. ಹಕ್ಕಿಯ ಕುತ್ತಿಗೆ ನಿಮ್ಮ ತೋರುಬೆರಳು, ನಡುಬೆರಳಿನ ಸಂದಿಯಲ್ಲಿ, ಬೆನ್ನು ಅಂಗೈಗೆ. ಎದೆ ಒತ್ತಬಾರದು, ಒತ್ತಿದರೆ ಅದಕ್ಕೆ ಉಸಿರು ಆಡುವುದಿಲ್ಲ. ಹಾಗೆ ಹಿಡಿದಾಗ ಬೆರಳಿಗೆ ಅದರ ಗುಂಡಿಗೆ ಬಡಿಯುವುದು ಗೊತ್ತಾಗುತ್ತದೆ. ಬಡಿತ ಅಂತಲೂ ಅಲ್ಲ, ಜೇಬಿನಲ್ಲಿ ಮೊಬೈಲು ನಡುಗಿದ ಹಾಗೆ. ಬಟ್ಟೆಯ ಚೀಲದಲ್ಲಿ ಹಾಕಿ ತೂಗಿ, ರೆಕ್ಕೆ ಅಳೆದು, ಇಕ್ಕಳದಿಂದ ಉಂಗುರ ಮುಚ್ಚಿ, ಸಂಖ್ಯೆಯನ್ನು ಒಬ್ಬರು ಓದಿ ಇನ್ನೊಬ್ಬರು ಬರೆದು, ಮತ್ತೆ ಗಟ್ಟಿಯಾಗಿ ಓದಿ ತಾಳೆ ನೋಡಿ ಬಿಡುತ್ತೇವೆ. ಪಳಗಿದ ಕೈಯಾದರೆ ಕೆಲವೇ ನಿಮಿಷ.

ಆದರೆ ಎಲ್ಲ ರಾತ್ರಿಯೂ ಹೀಗೇ ಸಾಗುವುದಿಲ್ಲ. ನಾನು ಕಲಿಯುತ್ತಿದ್ದ ಕಾಲದಲ್ಲಿ, ಬೇರೊಂದು ಕರಾವಳಿಯ ಶಿಬಿರದಲ್ಲಿ, ಕೊನೆಯ ಬಲೆ ನೋಡಿ ಬರುವ ಸರದಿ ನನ್ನದಾಗಿತ್ತು. ಹಿಂದಿನ ಬಲೆಯಲ್ಲೇ ಐದಾರು ಹಕ್ಕಿ ಸಿಕ್ಕಿ ತಡವಾಯಿತು. ಭರತದ ನೀರು ನಾನು ಎಣಿಸಿದ್ದಕ್ಕಿಂತ ಬೇಗ ಏರಿತ್ತು. ಹೋಗಿ ನೋಡಿದರೆ ಬಲೆಯ ಕೆಳಗಿನ ಜೋಲಿ ನೀರಿನಲ್ಲಿ ಮುಳುಗಿತ್ತು, ಅದರೊಳಗೆ ಎರಡು ಉಲ್ಲಂಕಿ. ಯಾರೂ ಬೈಯಲಿಲ್ಲ. ಶಿಬಿರದ ಹಿರಿಯರು ನೋಟ್‌ಬುಕ್ ನನ್ನ ಕೈಗೇ ಕೊಟ್ಟು, ನೀನೇ ಬರಿ ಅಂದರು. ಆ ಸಾಲು ಬರೆದ ಮೇಲೆ ಇವತ್ತಿನವರೆಗೂ ಕೆಳಗಿನ ದಾರವನ್ನು ಮೊಣಕಾಲಿಗಿಂತ ಮೇಲೆ ಕಟ್ಟದೆ ನಾನು ಬಲೆ ಬಿಚ್ಚಿಲ್ಲ.

ಅಮೆರಿಕ, ಕೆನಡಾದ ಉಂಗುರ ಕೇಂದ್ರಗಳ ದಾಖಲೆ ಒಟ್ಟು ಮಾಡಿ 2011ರಲ್ಲಿ ಲೆಕ್ಕ ಹಾಕಿದ್ದರು. ಇಂಥ ಬಲೆಗೆ ಬಿದ್ದ ಸಾವಿರ ಹಕ್ಕಿಯಲ್ಲಿ ಆರಕ್ಕೆ ಗಾಯ, ಎರಡು ಮೂರಕ್ಕೆ ಸಾವು. ಅಲ್ಲಿ ಜಾಸ್ತಿ ಪಾಲು ಕಾಡಿನ ಸಣ್ಣ ಹಕ್ಕಿಗಳು. ಕೆಸರಿನಲ್ಲಿ ಓಡುವ ಉದ್ದಕಾಲಿನವಕ್ಕೆ ಇನ್ನೊಂದು ತೊಂದರೆ ಇದೆ. ಹೆದರಿಕೆಯಲ್ಲಿ ತುಂಬಾ ಹೊತ್ತು ಒದ್ದಾಡಿದರೆ, ಸೆಕೆಯಲ್ಲಿ ಒತ್ತಾಗಿ ಕೂಡಿಟ್ಟರೆ, ಕಾಲಿನ ಸ್ನಾಯು ಒಳಗೇ ಹಾಳಾಗುತ್ತದೆ. ಬಿಟ್ಟಾಗ ಎದ್ದು ನಿಲ್ಲಲಾಗುವುದಿಲ್ಲ. ಅದಕ್ಕೇ ಬಿಸಿಲು ಏರುವ ಮೊದಲೇ ಕೆಲಸ ಮುಗಿಸುತ್ತೇವೆ, ಹಿಡಿದ ಹಕ್ಕಿ ಕೈಮೀರಿ ಜಾಸ್ತಿಯಾದರೆ ಉಂಗುರ ಹಾಕದೆಯೇ ಬಿಟ್ಟುಬಿಡುತ್ತೇವೆ. ಉಂಗುರ ಎಲ್ಲಿ ತೊಡಿಸುತ್ತೀರಿ ಅನ್ನುವುದೂ ಮುಖ್ಯ. ಪೆಂಗ್ವಿನ್‌ಗಳ ಕಾಲು ಗಿಡ್ಡ ಅಂತ ರೆಕ್ಕೆಗೆ ಪಟ್ಟಿ ಹಾಕುತ್ತಿದ್ದರು. ಕಿಂಗ್ ಪೆಂಗ್ವಿನ್‌ಗಳನ್ನು ಹತ್ತು ವರ್ಷ ನೋಡಿದ ಒಂದು ಅಧ್ಯಯನ, ಪಟ್ಟಿ ಇದ್ದವು ಮರಿ ಮಾಡುವುದೂ ಕಡಿಮೆ, ಬದುಕುವುದೂ ಕಡಿಮೆ ಎಂದು 2011ರಲ್ಲಿ ತೋರಿಸಿತು. ಈಜುವಾಗ ಪಟ್ಟಿ ನೀರನ್ನು ತಡೆಯುತ್ತಿತ್ತು. ಅಂದರೆ ನಮ್ಮ ಕೆಲಸದಲ್ಲಿ ತಪ್ಪೇ ಇಲ್ಲ ಅಂತ ಹೇಳುವವರನ್ನು ನಂಬಬೇಡಿ. ನಿಮ್ಮ ಉಲ್ಲಂಕಿಯ ಉಂಗುರ ಅದರ ಮೈತೂಕದಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ, ಅದರಿಂದ ಭಾರವಾಗುವುದಿಲ್ಲ. ಅಪಾಯ ಇರುವುದು ಬಲೆಗೆ ಬಿದ್ದಾಗಿನಿಂದ ಬಿಡುವವರೆಗಿನ ಹೊತ್ತಿನಲ್ಲಿ.

ಹಾಗಾದರೆ ಸ್ಯಾಟಲೈಟ್ ಯಂತ್ರವನ್ನೇ ಯಾಕೆ ಕಟ್ಟಬಾರದು? ಕಟ್ಟುತ್ತಾರೆ, ದೊಡ್ಡ ಹಕ್ಕಿಗಳಿಗೆ. 2022ರಲ್ಲಿ ಅಲಾಸ್ಕಾದಿಂದ ಹೊರಟ, ಕೆಸರಲ್ಲಿ ಮೇಯುವ ಉದ್ದಕೊಕ್ಕಿನ ಗಾಡ್‌ವಿಟ್ ಮರಿಯೊಂದು 11 ದಿನ ಎಲ್ಲೂ ಇಳಿಯದೆ 13,560 ಕಿಲೋಮೀಟರ್ ಹಾರಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ತಲುಪಿದ್ದು ಗೊತ್ತಾದದ್ದು ಅಂಥ ಯಂತ್ರದಿಂದಲೇ. ಅದೇ ವರ್ಷ ಮುಂಬೈ ಪಕ್ಕದ ಥಾಣೆ ಖಾರಿಯ ಫ್ಲೆಮಿಂಗೊಗಳಿಗೂ ಜಿಪಿಎಸ್ ಕಟ್ಟಿದರು, ಅವು ಗುಜರಾತಿಗೆ ಹೋಗಿ ಬಂದು ಮಾಡುವ ದಾರಿ ಸಿಕ್ಕಿತು. ಆದರೆ ಯಂತ್ರದ ತೂಕ ಹಕ್ಕಿಯ ತೂಕದ ನೂರಕ್ಕೆ ಮೂರು ಪಾಲು ಮೀರಬಾರದು ಅನ್ನುವುದು ಸಾಮಾನ್ಯ ಲೆಕ್ಕ. 25 ಗ್ರಾಂ ಹಕ್ಕಿಗೆ ಅಂದರೆ ಮುಕ್ಕಾಲು ಗ್ರಾಂ. ಅಷ್ಟರಲ್ಲಿ ಬ್ಯಾಟರಿ, ಆಂಟೆನಾ, ಎಲ್ಲಾ ಹಿಡಿಸುವುದು ಕಷ್ಟ. ಮೇಲೆ ಖರ್ಚು. ಯಂತ್ರ ಒಂದೆರಡು ವರ್ಷದಲ್ಲಿ ಸುಮ್ಮನಾದರೆ ಮುಗಿಯಿತು. ಉಂಗುರ ಹಾಗಲ್ಲ. 1899ರಲ್ಲಿ ಡೆನ್ಮಾರ್ಕಿನ ವಿಬೋರ್ಗ್‌ನಲ್ಲಿ ಮಾರ್ಟೆನ್ಸೆನ್ ಎಂಬ ಶಾಲಾ ಮೇಷ್ಟ್ರು ಸಂಖ್ಯೆ ಕೆತ್ತಿದ ಅಲ್ಯೂಮಿನಿಯಂ ಉಂಗುರವನ್ನು ಕಬ್ಬಕ್ಕಿ ಜಾತಿಯ ಹಕ್ಕಿಗಳಿಗೆ ತೊಡಿಸಿದಾಗ ಇದ್ದ ಉಪಾಯ ಇವತ್ತಿಗೂ ಅದೇ. ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ 1956ರಲ್ಲಿ ಉಂಗುರ ತೊಡಿಸಿದ ಒಂದು ಆಲ್ಬಟ್ರಾಸ್ 2024ರಲ್ಲೂ ಬಂದು ಮೊಟ್ಟೆ ಇಟ್ಟಿತು. ತೊಡಿಸಿದ ಮನುಷ್ಯ ಹೋಗಿಬಿಟ್ಟಿದ್ದಾರೆ, ಹಕ್ಕಿ ಇದೆ. ಅದರ ಉಂಗುರ ಸವೆದ ಹಾಗೆಲ್ಲಾ ಹೊಸದು ಹಾಕುತ್ತಾ ಬಂದಿದ್ದಾರೆ.

ಸವೆಯುವ ಮಾತು ಬಂತಲ್ಲಾ, ಅದು ನಿಮ್ಮ ಕಡೆಯ ಹಕ್ಕಿಗಳಿಗೆ ಜಾಸ್ತಿ ಅನ್ವಯ. ಉಪ್ಪುನೀರು, ಮರಳು ಎರಡೂ ಸೇರಿದರೆ ಅಲ್ಯೂಮಿನಿಯಂ ಬೇಗ ತೆಳ್ಳಗಾಗುತ್ತದೆ. ಅದಕ್ಕೆ ಕಡಲಂಚಿನ ಹಕ್ಕಿಗಳಿಗೆ ಗಟ್ಟಿ ಮಿಶ್ರಲೋಹ ಬಳಸುವುದು, ಇಲ್ಲವೇ ಉಂಗುರವನ್ನು ಕೆಸರು ತಾಗದ ಹಾಗೆ ‘ಮೊಣಕಾಲಿನ’ ಮೇಲೆ ತೊಡಿಸುವುದು ರೂಢಿ. ಮೊಣಕಾಲು ಅಂತ ನಾವು ಕರೆಯುವುದು ಅಷ್ಟೇ, ನಿಜಕ್ಕೂ ಅದು ಹಕ್ಕಿಯ ಹಿಮ್ಮಡಿಯ ಕೀಲು.

ಉಂಗುರದ ದೊಡ್ಡ ದೌರ್ಬಲ್ಯ ಒಂದೇ. ಇಂಥ ಸಣ್ಣ ಹಕ್ಕಿ ನೂರಕ್ಕೆ ತೊಡಿಸಿದರೆ ಬೇರೆ ಊರಿಂದ ಸುದ್ದಿ ಬರುವುದು ಒಂದರದ್ದೂ ಇಲ್ಲ. ಉಳಿದವು ಎಲ್ಲೋ ಸತ್ತು ಮಣ್ಣಾಗುತ್ತವೆ, ಇಲ್ಲವೇ ಯಾರಿಗೋ ಸಿಕ್ಕಿ, ಅವರ ಮನೆಯ ಅಪ್ಪ ಬಿಸಾಕು ಅನ್ನುತ್ತಾರೆ. ಆಗ ಆ ರಾತ್ರಿ ಹಕ್ಕಿಗೆ ನಾವು ಕೊಟ್ಟ ತೊಂದರೆ ಸುಮ್ನೆ ತೊಂದರೆಯಾಗಿಯೇ ಉಳಿಯುತ್ತದೆ. ಸಿಕ್ಕ ಒಂದು ಉಂಗುರದ ತೂಕ ಅದಕ್ಕೇ ಜಾಸ್ತಿ. ಕೋಡಿಕ್ಕರೈಯಲ್ಲಿ ತೊಡಿಸಿದ ಉಂಗುರಗಳು ಸೈಬೀರಿಯಾದಲ್ಲಿ ಸಿಕ್ಕಿವೆ. ಕೊರಳಿಗೆ ಸಂಖ್ಯೆಯ ಪಟ್ಟಿ ಹಾಕಿದ ಮಂಗೋಲಿಯಾದ ಪಟ್ಟೆತಲೆ ಹೆಬ್ಬಾತುಗಳನ್ನು ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ, ಮೈಸೂರಿನ ಹದಿನಾರು ಕೆರೆಯಲ್ಲಿ ಜನ ನೋಡಿ ಬರೆದಿದ್ದಾರೆ. ಹಿಮಾಲಯದ ಆಚೆಯ ಹಕ್ಕಿ ಮಾಗಡಿಯ ಕಡಲೆ ಹೊಲಕ್ಕೆ ಮೇಯಲು ಬರುತ್ತದೆ ಅಂತ ಬಾಯಲ್ಲಿ ಹೇಳುವುದಕ್ಕೂ, ಇಂಥ ಸಂಖ್ಯೆಯ ಹಕ್ಕಿ ಬಂದಿತ್ತು ಅಂತ ತೋರಿಸುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಜಾಗಗಳ ರಾಮ್ಸರ್ ಪಟ್ಟಿಗೆ ಸೇರಿದೆ, 4,801 ಹೆಕ್ಟೇರ್. ಪಟ್ಟಿಗೆ ಸೇರಿದ ಮಾತ್ರಕ್ಕೆ ಯಾವ ಜಾಗವೂ ಉಳಿಯುವುದಿಲ್ಲ. ನಾಳೆ ಬಳಚು (ಚಿಪ್ಪುಮೀನು) ತೆಗೆಯುವ ಕೆಸರುದಿಣ್ಣೆಯ ಬಗ್ಗೆ ಯಾವುದಾದರೂ ಯೋಜನೆಯ ಕಡತದಲ್ಲಿ ‘ಖಾಲಿ ಜಾಗ’ ಅಂತ ಬರೆದರೆ, ಎದುರು ಇಡಲು ಇಂಥ ಸಂಖ್ಯೆಗಳು ಬೇಕಾಗುತ್ತವೆ.

ಈಗ ನೀವು ಮಾಡಬೇಕಾದದ್ದು. ಉಂಗುರದ ಮೇಲಿನ ಅಕ್ಷರ, ಅಂಕಿ ಒಂದೂ ಬಿಡದೆ ಬರೆದು, ಸಿಕ್ಕ ದಿನ, ಜಾಗ, ಹೇಗೆ ಸಿಕ್ಕಿತು, ಸತ್ತಿತ್ತಾ ಬದುಕಿತ್ತಾ ಅನ್ನುವುದನ್ನೆಲ್ಲಾ ಸೇರಿಸಿ ಬಿಎನ್‌ಎಚ್‌ಎಸ್‌ಗೆ ಬರೆಯಿರಿ. ಬಲೆಯಲ್ಲಿ ಅಂತಲೇ ಬರೆಯಿರಿ, ಮುಚ್ಚಿಡಬೇಡಿ. ಸಾವಿನ ಕಾರಣವೂ ಅವರಿಗೆ ಮಾಹಿತಿಯೇ. ಉಂಗುರ ವರದಿ ಮಾಡಿದ್ದಕ್ಕೆ ತೊಂದರೆಗೆ ಸಿಕ್ಕಿದವರನ್ನು ನಾನಂತೂ ಕಂಡಿಲ್ಲ. ಅಪ್ಪನ ಸಮಾಧಾನಕ್ಕೆ ನಿಮ್ಮ ಕಡೆಯ ಫಾರೆಸ್ಟರ್‌ಗೂ ಒಂದು ಮಾತು ಹೇಳಿಬಿಡಿ.

ಬಣ್ಣದ ಪಟ್ಟಿಯ ಹಕ್ಕಿಯನ್ನು ಹಿಡಿಯಲು ಹೋಗಬೇಡಿ. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಅನುಮತಿ ಇಲ್ಲದೆ ಕಾಡುಹಕ್ಕಿ ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಮಗೂ ಅನುಮತಿ ಪತ್ರ ಬೇಕು. ಹಿಡಿಯುವ ಅಗತ್ಯವೂ ಇಲ್ಲ, ಅದು ದೂರದಿಂದಲೇ ಓದಲಿ ಅಂತ ಹಾಕಿದ ಪಟ್ಟಿ. ಯಾವ ದೇಶ, ಯಾವ ಕೇಂದ್ರ ಅನ್ನುವುದನ್ನು ಬಣ್ಣವೇ ಹೇಳುತ್ತದೆ. ಭರತ ಏರುವಾಗ ದಂಡೆಯಲ್ಲಿ ಅಲುಗಾಡದೆ ಕೂತರೆ ನೀರು ಹಕ್ಕಿಗಳನ್ನು ನಿಮ್ಮ ಹತ್ತಿರಕ್ಕೇ ತಳ್ಳಿಕೊಂಡು ಬರುತ್ತದೆ. ಆಗ ಫೋಟೊ ತೆಗೆಯಿರಿ. ಬಣ್ಣ ಮೇಲಿನಿಂದ ಕೆಳಕ್ಕೆ ಯಾವ ಕ್ರಮದಲ್ಲಿದೆ, ಕೀಲಿನ ಮೇಲಾ ಕೆಳಗಾ, ಎಡಗಾಲಾ ಬಲಗಾಲಾ ಬರೆದಿಡಿ. ಎಡ ಬಲ ಅಂದರೆ ಹಕ್ಕಿಯ ಎಡ ಬಲ, ನಿಮ್ಮದಲ್ಲ. ಇದರಲ್ಲಿ ನನ್ನ ವಿದ್ಯಾರ್ಥಿಗಳೂ ಎಡವುತ್ತಾರೆ. ಬಿಸಿಲಿಗೆ ಬಣ್ಣ ಮಾಸುತ್ತದೆ, ಅನುಮಾನ ಇದ್ದರೆ ಅನುಮಾನ ಇದೆ ಅಂತಲೇ ಬರೆಯಿರಿ, ಊಹೆ ಮಾಡಿ ತುಂಬಿಸಬೇಡಿ.

ಜೀವ ಇರುವ ಉಂಗುರದ ಹಕ್ಕಿ ಬಲೆಗೆ ಬಿದ್ದರೆ ಹೊಕ್ಕ ಕಡೆಯಿಂದ ಬಿಡಿಸಿ. ಬಿಡಿಸಲಾಗದಿದ್ದರೆ ಬಲೆಯ ನಾಲ್ಕು ಕಣ್ಣು ಕತ್ತರಿಸಿದರೂ ಪರವಾಗಿಲ್ಲ, ಕಾಲು ಎಳೆಯಬೇಡಿ. ಉಂಗುರದ ಫೋಟೊ ಸುತ್ತಲೂ ತಿರುಗಿಸಿ ಎರಡು ಮೂರು ತೆಗೆದು ಅಲ್ಲೇ ನೀರಂಚಿಗೆ ಬಿಡಿ. ಉಂಗುರ ಬಿಚ್ಚಬೇಡಿ, ಬಿಚ್ಚುವಾಗ ಕಾಲು ಮುರಿಯುತ್ತದೆ. ಮನೆಗೆ ತಂದು ಅಕ್ಕಿ ಹಾಕುವುದು, ನೀರು ಕುಡಿಸುವುದು ಬೇಡ. ಬೆನ್ನಿಗೆ ಯಂತ್ರ ಇದ್ದರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ಸತ್ತ ಹಕ್ಕಿಯಾದರೆ ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಎತ್ತಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಒಂದೇ ಕಡೆ ಹತ್ತಾರು ಸತ್ತು ಬಿದ್ದಿದ್ದರೆ ಹಕ್ಕಿಜ್ವರ ಇರಬಹುದು. ಆಗ ಉಂಗುರದ ಆಸೆಗೂ ಹತ್ತಿರ ಹೋಗದೆ ಪಶುವೈದ್ಯ ಇಲಾಖೆಗೆ ಫೋನ್ ಮಾಡಿ.

ನಿಮ್ಮ ಫೋಟೊದಲ್ಲಿ ಒಂದು ತೊಡಕಿದೆ. ಸಂಖ್ಯೆಯ ಕೊನೆಯ ಅಂಕಿ 3 ಇರಬಹುದು, 8 ಇರಬಹುದು, ಸವೆದು ಹೋಗಿದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ತೊಳೆದು ಒಣಗಿಸಿ. ಮೇಲೆ ತೆಳುವಾದ ಬಿಳಿ ಕಾಗದ ಸುತ್ತಿ, ಮೆತ್ತನೆಯ ಪೆನ್ಸಿಲನ್ನು ಮಲಗಿಸಿ ಉಜ್ಜಿ. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಉಜ್ಜುತ್ತಿದ್ದೆವಲ್ಲಾ, ಹಾಗೇ. ಕಣ್ಣಿಗೆ ಕಾಣದ ಗೆರೆ ಎಷ್ಟೋ ಸಲ ಕಾಗದದಲ್ಲಿ ಏಳುತ್ತದೆ. ಆ ಕಾಗದವನ್ನೂ ಸೇರಿಸಿ ಕಳಿಸಿ. ನನಗೂ ಒಂದು ಫೋಟೊ ಹಾಕಿ.